ಬೆಂಬಲ ಬೆಲೆ ಇದ್ದರೂ ಕಲಬುರಗಿಯ ಸಣ್ಣ ರೈತರು ತೊಗರಿಯನ್ನು ಕಡಿಮೆಗೆ ಯಾಕೆ ಮಾರುತ್ತಾರೆ?

ಕಾಯುವಷ್ಟು ದುಡ್ಡು ಕೈಯಲ್ಲಿ ಇರುವುದಿಲ್ಲ, ಅದಕ್ಕೆ. 2025-26ಕ್ಕೆ ಕೇಂದ್ರ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಾಲ್‌ಗೆ 8,000 ರೂಪಾಯಿ. ಆದರೆ ಅದು ಸಿಗುವುದು ಖರೀದಿ ಕೇಂದ್ರದಲ್ಲಿ. ಅಲ್ಲಿ ಹೆಸರು ನೋಂದಾಯಿಸಬೇಕು, ಕಾಳು ಚೆನ್ನಾಗಿ ಒಣಗಿರಬೇಕು, ಹಣ ಖಾತೆಗೆ ಬರುವವರೆಗೆ ಕಾಯಬೇಕು.

ಇತ್ತ ಹೆಚ್ಚಿನವರ ರಾಶಿ ಆಗುವುದು ಡಿಸೆಂಬರ್-ಜನವರಿಯಲ್ಲೇ. ಮಾರ್ಕೆಟ್ ತುಂಬಿ ಧಾರಣೆ ಇಳಿಯುವುದೂ ಆಗಲೇ. ಬೀಜಕ್ಕೆ, ಬೆಳೆಗೆ ಕೀಟನಾಶಕ ಹೊಡೆಯೋಕೆ ಮುಂಗಡ ಕೊಟ್ಟ ಅಡತಿ (ಕಮಿಷನ್ ಮೇಲೆ ಮಾಲು ಮಾರಿಸುವ ದಲ್ಲಾಳಿ) ಅಂಗಡಿಗೇ ಚೀಲ ಹೋಗುತ್ತದೆ. ಸಾಲ ಮುರಿದುಕೊಂಡು ಉಳಿದದ್ದು ರೈತನಿಗೆ.

ಕಂಪನಿಯೇ ಬಂದು ರೈತರ ಜೊತೆ ಕರಾರು ಮಾಡಿಕೊಂಡು ಕೊಂಡರೆ ಸರಿಹೋಗುತ್ತಾ? ಕರಾರಿನಲ್ಲಿ ಬೆಲೆ ಮೊದಲೇ ಗೊತ್ತಾಗುತ್ತದೆ, ನಿಜ. ಆದರೆ ಕಾಳು ಸರಿಯಿಲ್ಲ ಅಂತ ವಾಪಸ್ ಕಳಿಸಿದರೆ ನಾಲ್ಕೆಕರೆಯವನು ಕೋರ್ಟಿಗೆ ಅಲೆಯೋಕೆ ಆಗುತ್ತಾ? ನನ್ನ ಕೇಳಿದರೆ, ಕಾಳನ್ನು ಗೋದಾಮಿನಲ್ಲಿ ಇಟ್ಟಾಗ ಕೊಡುವ ರಸೀದಿ ಮೇಲೆ ಸುಲಭವಾಗಿ ಸಾಲ ಸಿಗಬೇಕು. ಆಗ ಅಡತಿಯ ಬಾಕಿ ತೀರಿಸಿ, ಧಾರಣೆ ಏರಿದಾಗ ಮಾರಬಹುದು.