ಕನ್ಸೋಲ್ ಡಬ್ಬಿಯೊಳಗೆ ಏನೇನು ಇರಬೇಕು?

ಪ್ರಶ್ನೆ: ಎಸ್‌ಎಸ್‌ಎಲ್‌ಸಿಯಲ್ಲಿ ಒಳ್ಳೆಯ ಅಂಕ ಬಂತೆಂದು ಮಗನಿಗೆ ಗೇಮ್ ಕನ್ಸೋಲ್ ಕೊಡಿಸಿದೆ. ವಾರ ಕಳೆಯುವುದರೊಳಗೆ ಎರಡನೆಯ ಕಂಟ್ರೋಲರ್, ಸ್ಟ್ಯಾಂಡ್, ಹೆಡ್‌ಸೆಟ್, ಆನ್‌ಲೈನ್ ಚಂದಾ ಎಂದು ಅವನ ಪಟ್ಟಿ ಬೆಳೆಯುತ್ತಲೇ ಇದೆ. ಅಷ್ಟು ಹಣ ತೆತ್ತ ಮೇಲೆ ಇವೆಲ್ಲ ಯಂತ್ರದ ಜೊತೆಗೇ ಬರಬೇಕಲ್ಲವೇ?
(ದಾವಣಗೆರೆಯ ಓದುಗರು)

ಉತ್ತರ: ಎಲ್ಲವೂ ಬರಬೇಕಿಲ್ಲ, ಆದರೆ ಕೆಲವು ಬರಲೇಬೇಕು. ನಾನು ಬಳಸುವ ಅಳತೆ ಇದು: ಮನೆಯಲ್ಲಿ ಟಿವಿ ಮತ್ತು ಕರೆಂಟು ಇದ್ದರೆ, ಡಬ್ಬಿ ಬಿಚ್ಚಿದ ದಿನ ಮತ್ತೆ ಅಂಗಡಿಗೆ ಹೋಗದೆ ಒಬ್ಬರು ಆಡಲು ಕೂರುವಂತಿರಬೇಕು, ಎಲ್ಲಿಗೆ ನಿಲ್ಲಿಸಿದರೋ ಮರುದಿನ ಅಲ್ಲಿಂದಲೇ ಮುಂದುವರಿಸುವಂತಿರಬೇಕು.

ಈ ಸಾಮಾನ್ಯ ಅಳತೆಗೂ ದೊಡ್ಡ ಕಂಪನಿಗಳು ಸೋತಿವೆ. 1977ರ ಅಟಾರಿ ಕನ್ಸೋಲ್ ಡಬ್ಬಿಯಲ್ಲಿ ಎರಡು ಜಾಯ್‌ಸ್ಟಿಕ್, ತಿರುಗಿಸಿ ಆಡುವ ಒಂದು ಜೊತೆ ಪ್ಯಾಡಲ್ ಮತ್ತು ಒಂದು ಆಟ ಇದ್ದವು. ಆದರೆ 1994ರಲ್ಲಿ ಜಪಾನಿನಲ್ಲಿ ಬಂದ ಮೊದಲ ಪ್ಲೇಸ್ಟೇಷನ್ ಜೊತೆಗೆ, ಆಡಿದ್ದನ್ನು ಉಳಿಸಿಡುವ ಮೆಮೊರಿ ಕಾರ್ಡ್ ಇರಲಿಲ್ಲ. ಬರೀ 128 ಕೆಬಿಯ ಆ ಕಾರ್ಡನ್ನು ಬೇರೆ ಕೊಳ್ಳಬೇಕಿತ್ತು. ಕೊಳ್ಳಲಾಗದವರು ಟಿವಿಯನ್ನಷ್ಟೇ ಆರಿಸಿ, ಯಂತ್ರವನ್ನು ರಾತ್ರಿಯಿಡೀ ಉರಿಯಲು ಬಿಟ್ಟು ಮಲಗುತ್ತಿದ್ದುದುಂಟು. ನಡುವೆ ಕರೆಂಟು ಹೋಯಿತೆಂದರೆ ಮೊದಲಿನಿಂದ ಶುರು. 2005ರ ಎಕ್ಸ್‌ಬಾಕ್ಸ್ 360ರ ಅಗ್ಗದ ಮಾದರಿಯಲ್ಲಿಯೂ ಹಾರ್ಡ್ ಡಿಸ್ಕ್ ಇರಲಿಲ್ಲ. ಮರುವರ್ಷ ಬಂದ ಪ್ಲೇಸ್ಟೇಷನ್ 3ರಲ್ಲಿ ಹಾರ್ಡ್ ಡಿಸ್ಕ್ ಇತ್ತು, ಆದರೆ ಎಚ್‌ಡಿ ಚಿತ್ರದ ಹೆಸರಿನಲ್ಲೇ ಮಾರಾಟವಾದ ಆ ಯಂತ್ರದ ಡಬ್ಬಿಯಲ್ಲಿ, ಆ ಚಿತ್ರವನ್ನು ಟಿವಿಗೆ ಒಯ್ಯುವ ಎಚ್‌ಡಿಎಂಐ ಕೇಬಲ್ ಇರಲಿಲ್ಲ. ಹಳೆಯ ಟಿವಿಗಳಿಗೆ ಚುಚ್ಚುವ ಹಳದಿ, ಕೆಂಪು, ಬಿಳಿ ಪಿನ್ನಿನ ಕೇಬಲ್ ಇತ್ತು.

ಇಂದು ಮೆಮೊರಿಯೂ ಎಚ್‌ಡಿಎಂಐ ಕೇಬಲ್ಲೂ ಡಬ್ಬಿಯಲ್ಲೇ ಬರುತ್ತವೆ. ನಿಮ್ಮ ಮಗ ಸ್ಟ್ಯಾಂಡ್ ಕೇಳುತ್ತಿರುವುದನ್ನು ನೋಡಿದರೆ, ನೀವು ತಂದದ್ದು 2023ರ ತೆಳು ಪ್ಲೇಸ್ಟೇಷನ್ 5 ಇರಬೇಕೆಂದು ಊಹಿಸುತ್ತೇನೆ. 2020ರ ಮೊದಲ ಮಾದರಿಗೆ ಸ್ಟ್ಯಾಂಡ್ ಜೊತೆಗೇ ಬರುತ್ತಿತ್ತು. ಈ ತೆಳು ಮಾದರಿಗೆ, ಬಳೆಯಂಥ ಒಂದು ಲೋಹದ ತುಂಡನ್ನು ಬೇರೆ ಮಾರುತ್ತಾರೆ. ಇದು ಜಿಪುಣತನವೇ ಸರಿ, ಆದರೆ ಯಂತ್ರವನ್ನು ಅಡ್ಡ ಮಲಗಿಸಿದರೂ ಆಟ ನಡೆಯುವುದರಿಂದ ಆ ಹಣ ಉಳಿಸಬಹುದು. ಹೆಡ್‌ಸೆಟ್ಟೂ ತುರ್ತಿನದಲ್ಲ: ಕಂಟ್ರೋಲರ್‌ನಲ್ಲೇ ಮೈಕ್ ಇದೆ, ಫೋನಿನ ದುಂಡು ಪಿನ್ನಿನ ವೈರ್ ಇಯರ್‌ಫೋನ್ ಅದಕ್ಕೆ ಹೊಂದುತ್ತದೆ. ಚಂದಾ ಕಟ್ಟುವ ಮುನ್ನ ಅವನು ಯಾವ ಆಟ ಆಡುತ್ತಾನೆಂದು ಕೇಳಿ. ಫೋರ್ಟ್‌ನೈಟ್‌ನಂಥ ಉಚಿತ ಆಟಗಳನ್ನು ಗೆಳೆಯರೊಡನೆ ಆಡಲು ಚಂದಾ ಬೇಕಿಲ್ಲ. ಎರಡನೆಯ ಕಂಟ್ರೋಲರ್ ಮಾತ್ರ, ಮನೆಯಲ್ಲಿ ತಂಗಿಯೋ ತಮ್ಮನೋ ಇದ್ದರೆ, ನ್ಯಾಯವಾದ ಬೇಡಿಕೆ.

ನೀವು ಕೇಳದಿದ್ದರೂ ಹೇಳಬೇಕಾದದ್ದು, ಆಟದ ಡಿಸ್ಕ್ ಹಾಕುವ ಡಿಸ್ಕ್ ಡ್ರೈವ್ ವಿಷಯ. 2021ರ ಫೆಬ್ರುವರಿ 2ರಂದು ಪ್ಲೇಸ್ಟೇಷನ್ 5 ಭಾರತಕ್ಕೆ ಬಂದಾಗ ಡ್ರೈವ್ ಇದ್ದ ಮಾದರಿಗೆ 49,990 ರೂಪಾಯಿ, ಇಲ್ಲದ್ದಕ್ಕೆ 39,990 ರೂಪಾಯಿ ಇತ್ತು. ಹತ್ತು ಸಾವಿರ ಉಳಿಯಿತೆಂದು ಹಿಗ್ಗುವ ಮೊದಲು, ಆಗ ದೊಡ್ಡ ಹೊಸ ಆಟವೊಂದರ ಬೆಲೆ 4,999 ರೂಪಾಯಿ ಇತ್ತೆಂಬುದನ್ನು ನೆನೆಯಬೇಕು. ಡಿಸ್ಕ್ ಆದರೆ ಆಡಿ ಮುಗಿಸಿ ಗೆಳೆಯನಿಗೆ ಕೊಡಬಹುದು, ಅಂಗಡಿಗೆ ಮಾರಬಹುದು, ಸೆಕೆಂಡ್ ಹ್ಯಾಂಡ್ ಕೊಳ್ಳಬಹುದು. ಡೌನ್‌ಲೋಡ್ ಮಾಡಿದ ಆಟಕ್ಕೆ ಮರುಮಾರಾಟವೇ ಇಲ್ಲ. ಎರಡು ಮೂರು ಆಟಗಳಲ್ಲೇ ಆ ಉಳಿತಾಯ ಕರಗಿಹೋಗುತ್ತದೆ. 2024ರಲ್ಲಿ 699.99 ಡಾಲರ್‌ಗೆ ಬಂದ ಪ್ಲೇಸ್ಟೇಷನ್ 5 ಪ್ರೊನಲ್ಲಿ ಡ್ರೈವ್ ಇಲ್ಲದಿರುವುದನ್ನು ನಾನು ಒಪ್ಪಲಾರೆ.

ಪ್ರಶ್ನೆ: ಎಕ್ಸ್‌ಬಾಕ್ಸ್ ಕಂಟ್ರೋಲರ್‌ಗೆ ಈಗಲೂ ಸೆಲ್ಲು ಹಾಕಬೇಕಂತೆ. ಇದು ಓಬೀರಾಯನ ಕಾಲದ ಪದ್ಧತಿಯಲ್ಲವೇ?
(ಮಂಗಳೂರಿನ ಓದುಗರು)

ಉತ್ತರ: ನನಗೆ ಹಾಗನ್ನಿಸುವುದಿಲ್ಲ. ಒಳಗೇ ಕೂಡಿಸಿದ ಬ್ಯಾಟರಿ ನಾಲ್ಕೈದು ವರ್ಷಗಳಲ್ಲಿ ಸೊರಗಿದರೆ ಇಡೀ ಕಂಟ್ರೋಲರ್ ಬಿಚ್ಚಬೇಕಾಗುತ್ತದೆ. ಸೆಲ್ಲನ್ನಾದರೆ ಮಗುವೂ ಬದಲಾಯಿಸೀತು. ತಪ್ಪಿರುವುದು ಚಾರ್ಜ್ ಆಗುವ ಬ್ಯಾಟರಿಯನ್ನು ಡಬ್ಬಿಯಲ್ಲಿಡದೆ ಬೇರೆ ಮಾರುವುದರಲ್ಲಿ. ಚಾರ್ಜ್ ಮಾಡಬಹುದಾದ ಎಎ ಸೆಲ್ಲು ನಾಲ್ಕು ಮತ್ತು ಅವುಗಳ ಚಾರ್ಜರ್ ಒಂದನ್ನು ಕೊಂಡಿಟ್ಟುಕೊಳ್ಳಿ, ಅದೇ ಅಳತೆಯ ಸೆಲ್ಲಿನ ಟಿವಿ ರಿಮೋಟಿಗೂ ಆದೀತು.

ಪ್ರಶ್ನೆ: ಎಲ್ಲ ಕನ್ಸೋಲ್‌ಗಳಲ್ಲೂ ಕಡ್ಡಾಯವಾಗಿ ಇರಬೇಕಾದ ಒಂದೇ ಒಂದು ಸೌಲಭ್ಯ ಹೆಸರಿಸಿ ಎಂದರೆ ಯಾವುದನ್ನು ಹೇಳುತ್ತೀರಿ?
(ಧಾರವಾಡದ ಓದುಗರು)

ಉತ್ತರ: ಸವೆಯದ ಸ್ಟಿಕ್. ಹೆಬ್ಬೆರಳಿನಿಂದ ಆಡಿಸುವ ಸಾಮಾನ್ಯ ಸ್ಟಿಕ್‌ನೊಳಗೆ ಒಂದು ಸಣ್ಣ ಲೋಹದ ತುದಿ ಇಂಗಾಲದ ಪಟ್ಟಿಯ ಮೇಲೆ ಉಜ್ಜುತ್ತಾ ದಿಕ್ಕನ್ನು ತಿಳಿಸುತ್ತದೆ. ಹಳೆಯ ರೇಡಿಯೊದ ವಾಲ್ಯೂಮ್ ಗುಂಡಿಯೂ ಇದೇ ಬಗೆಯದು. ಅದು ಸವೆದು ಗರಗರ ಸದ್ದು ಮಾಡುತ್ತಿದ್ದುದು ನಿಮಗೆ ನೆನಪಿರಬಹುದು. ಸ್ಟಿಕ್‌ನಲ್ಲಿ ಆ ಪಟ್ಟಿ ಸವೆದರೆ, ಬೆರಳು ಇಡದಿದ್ದರೂ ಆಟದ ಮನುಷ್ಯ ತನ್ನಷ್ಟಕ್ಕೆ ಒಂದು ಕಡೆಗೆ ನಡೆಯತೊಡಗುತ್ತಾನೆ. ಇದನ್ನೇ ಆಡುವವರು ಡ್ರಿಫ್ಟ್ ಎನ್ನುತ್ತಾರೆ. ಅಯಸ್ಕಾಂತ ಮತ್ತು ಅದರ ಚಲನೆಯನ್ನು ಮುಟ್ಟದೆಯೇ ಅಳೆಯುವ ಹಾಲ್ ಸೆನ್ಸರ್ ಬಳಸಿದರೆ ಉಜ್ಜಾಟವೇ ಇರುವುದಿಲ್ಲ. ಇದೇನೂ ಹೊಸ ಶೋಧವಲ್ಲ, 1998ರ ಸೆಗಾ ಡ್ರೀಮ್‌ಕ್ಯಾಸ್ಟ್ ಕಂಟ್ರೋಲರ್‌ನಲ್ಲೇ ಇತ್ತು. ಹೀಗಿದ್ದೂ, ತನ್ನ ಹಿಂದಿನ ಕನ್ಸೋಲ್ ಆದ ಸ್ವಿಚ್‌ನ ಡ್ರಿಫ್ಟ್‌ನಿಂದ ಅಷ್ಟೊಂದು ದೂರು ಕೇಳಿದ ನಿಂಟೆಂಡೊ, 2025ರ ಜೂನ್‌ನಲ್ಲಿ ತಂದ ಸ್ವಿಚ್ 2ರಲ್ಲಿ ಹಾಲ್ ಸೆನ್ಸರ್ ಹಾಕಲಿಲ್ಲ. ಆದ್ದರಿಂದ ಸದ್ಯಕ್ಕೆ ಕೊಳ್ಳುವವರೇ ಎಚ್ಚರದಿಂದಿರಬೇಕು: ಸೆಕೆಂಡ್ ಹ್ಯಾಂಡ್ ಕಂಟ್ರೋಲರ್ ಕೊಳ್ಳುವಾಗ ಯಾವುದಾದರೂ ಆಟ ತೆರೆದು, ಎರಡೂ ಸ್ಟಿಕ್‌ಗಳಿಂದ ಬೆರಳು ತೆಗೆದು, ಹಣ ಎಣಿಸುವ ಮೊದಲು ಒಂದು ನಿಮಿಷ ಪರದೆಯನ್ನೇ ನೋಡುತ್ತಾ ಕುಳಿತಿರಿ.