ಸಂದೇಹ–ಸಮಾಧಾನ: ಈ ಸಲ ಕರ್ಮದ ಲೆಕ್ಕ

ಪ್ರಶ್ನೆ: ಕರ್ಮ, ಪುನರ್ಜನ್ಮ ಎರಡೂ ಋಗ್ವೇದದಲ್ಲೇ ಇವೆ ಎಂದು ಪ್ರವಚನದಲ್ಲಿ ಕೇಳಿದೆ. ಹೌದೇ? (ಶಿವಮೊಗ್ಗದ ಓದುಗರು)

ಉತ್ತರ: ಇವತ್ತು ನಾವು ಹೇಳುವ ಕರ್ಮಸಿದ್ಧಾಂತ ಅಲ್ಲಿಲ್ಲ. ಋಗ್ವೇದದ ಕರ್ಮ ಬಹುಮಟ್ಟಿಗೆ ಯಜ್ಞಕಾರ್ಯ, ಇಲ್ಲವೇ ದೇವತೆಗಳ ಸಾಹಸ. ಸತ್ತವರು ಯಮನ ಲೋಕಕ್ಕೆ, ಪಿತೃಗಳ ಬಳಿಗೆ ಹೋಗುತ್ತಾರೆ. ತಿರುಗಿ ಇಲ್ಲಿ ಹುಟ್ಟುವ ಮಾತು ಸ್ಪಷ್ಟವಾಗಿ ಸಿಗುವುದಿಲ್ಲ. ಯಾಗಗಳನ್ನು ವಿವರಿಸುವ, ವೇದದ ಭಾಗವಾದ ಬ್ರಾಹ್ಮಣ ಗ್ರಂಥಗಳ ಹೊತ್ತಿಗೆ ಹೊಸದೊಂದು ಭಯ ಹುಟ್ಟುತ್ತದೆ: ಪರಲೋಕ ಸೇರಿದ ಮೇಲೂ ಮತ್ತೆ ಸಾಯಬೇಕಾದರೆ? ಅದನ್ನು ಅವು ಪುನರ್ಮೃತ್ಯು ಎಂದು ಕರೆದವು, ಅದನ್ನು ತಪ್ಪಿಸುವ ಯಾಗವಿಧಿಗಳನ್ನೂ ಹೇಳಿದವು.

ಯಾಗದಿಂದ ಆಚೆಗೆ, ಮನುಷ್ಯನ ಎಲ್ಲ ನಡತೆಗೂ ಕರ್ಮ ಹಬ್ಬುವುದು ಉಪನಿಷತ್ತುಗಳಲ್ಲಿ. ಬೃಹದಾರಣ್ಯಕದ 3.2 ಓದಿ. ಜನಕನ ಸಭೆಯಲ್ಲಿ ಆರ್ತಭಾಗ ಎಂಬ ಪಂಡಿತ ಯಾಜ್ಞವಲ್ಕ್ಯನನ್ನು ಕೇಳುತ್ತಾನೆ: ಸತ್ತವನ ವಾಕ್ಕು ಅಗ್ನಿಯನ್ನು, ಪ್ರಾಣ ವಾಯುವನ್ನು, ಕಣ್ಣು ಸೂರ್ಯನನ್ನು ಸೇರಿದ ಮೇಲೆ ಆ ಪುರುಷ ಎಲ್ಲಿರುತ್ತಾನೆ? ಯಾಜ್ಞವಲ್ಕ್ಯ ಸಭೆಯಲ್ಲಿ ಬಾಯಿ ಬಿಡುವುದಿಲ್ಲ. 'ಕೈ ಕೊಡಪ್ಪ, ಇದು ನಾವಿಬ್ಬರೇ ತಿಳಿಯಬೇಕಾದದ್ದು, ಜನರ ನಡುವೆ ಅಲ್ಲ' ಎಂದು ಪಕ್ಕಕ್ಕೆ ಕರೆದೊಯ್ಯುತ್ತಾನೆ. ಅವರು ಅಲ್ಲಿ ಆಡಿದ್ದು ಕರ್ಮವನ್ನೇ, ಹೊಗಳಿದ್ದೂ ಕರ್ಮವನ್ನೇ. ಪುಣ್ಯಕರ್ಮದಿಂದ ಒಳ್ಳೆಯವನಾಗುತ್ತಾನೆ, ಪಾಪಕರ್ಮದಿಂದ ಕೆಟ್ಟವನು ಎಂದು ಉಪನಿಷತ್ತು ಹೇಳುತ್ತದೆ. ಇಂದು ಬೀದಿ ಬೀದಿಯಲ್ಲಿ ಆಡುವ ಮಾತು ಆಗ ಗುಟ್ಟಾಗಿತ್ತು!

ಛಾಂದೋಗ್ಯ ಉಪನಿಷತ್ತಿನ 5ನೆಯ ಅಧ್ಯಾಯದಲ್ಲಿ ಪುನರ್ಜನ್ಮದ ವಿಷಯ ಹೇಳುವವನು ರಾಜ, ಪ್ರವಾಹಣ ಜೈವಲಿ. ಅವನ 5 ಪ್ರಶ್ನೆಗಳಿಗೆ ಓದು ಮುಗಿಸಿದ ಬ್ರಾಹ್ಮಣ ಯುವಕ ಶ್ವೇತಕೇತು ತಬ್ಬಿಬ್ಬಾಗುತ್ತಾನೆ. ಅಪ್ಪನೇ ಬಂದು ಕೇಳಬೇಕಾಗುತ್ತದೆ. ರಾಜನ ಉತ್ತರ ಪಂಚಾಗ್ನಿವಿದ್ಯೆ: ಸ್ವರ್ಗ, ಮೋಡ, ಭೂಮಿ, ಗಂಡು, ಹೆಣ್ಣು ಎಂಬ ಐದು ಅಗ್ನಿಗಳಲ್ಲಿ ಆಹುತಿ ಕ್ರಮವಾಗಿ ಸೋಮ, ಮಳೆ, ಅನ್ನ, ರೇತಸ್ಸು, ಗರ್ಭವಾಗುತ್ತದೆ. ಪುನರ್ಜನ್ಮವನ್ನೂ ಹೋಮದ ಲೆಕ್ಕದಲ್ಲೇ ವಿವರಿಸಿದ್ದಾರೆ, ಗಮನಿಸಿ.

ಪ್ರಶ್ನೆ: ಇವತ್ತು ಮಾಡಿದ ಹೋಮಕ್ಕೆ ಎಂದೋ ಫಲ ಬರುತ್ತದೆ ಎನ್ನುತ್ತಾರೆ. ನಡುವೆ ಆ ಫಲ ಎಲ್ಲಿರುತ್ತದೆ? ಅರ್ಧಂಬರ್ಧ ಮಾಡಿದರೆ? (ಶಿರಸಿಯ ಓದುಗರು)

ಉತ್ತರ: ವೇದದ ಯಾಗವಿಧಿಗಳನ್ನು ವಿಚಾರ ಮಾಡುವ ಮೀಮಾಂಸಕರು ತಲೆ ಕೆಡಿಸಿಕೊಂಡದ್ದೇ ಇದಕ್ಕೆ. ಕ್ರಿಯೆ ಆ ಕ್ಷಣಕ್ಕೆ ಮುಗಿಯುತ್ತದೆ, ಸ್ವರ್ಗ ಆಮೇಲೆ. ನಡುವಣ ಕೊಂಡಿಗೆ ಅವರು ಅಪೂರ್ವ ಎಂದರು. ದರ್ಶಪೂರ್ಣಮಾಸ ತೆಗೆದುಕೊಳ್ಳಿ: ಹುಣ್ಣಿಮೆಯಲ್ಲಿ 3, ಅಮಾವಾಸ್ಯೆಯಲ್ಲಿ 3, ಒಟ್ಟು 6 ಪ್ರಧಾನ ಯಾಗಗಳು. ಒಂದೊಂದಕ್ಕೂ ಒಂದೊಂದು ಅಪೂರ್ವ; ಎಲ್ಲ ಕೂಡಿದಾಗ ಫಲ ಕೊಡುವ ಪರಮಾಪೂರ್ವ. ಪ್ರಧಾನ ಯಾಗಕ್ಕೆ ಮೊದಲು ಮಾಡುವ ಪ್ರಯಾಜದಂಥ ಅಂಗಗಳಿಗೂ (ಪೂರಕ ಕ್ರಿಯೆಗಳಿಗೂ) ತಮ್ಮ ಪಾಲಿದೆ.

ಅರ್ಧಂಬರ್ಧದ ವಿಷಯದಲ್ಲಿ ಶಾಸ್ತ್ರ ಎರಡು ದಾರಿ ಮಾಡುತ್ತದೆ. ಅಗ್ನಿಹೋತ್ರದಂಥ ನಿತ್ಯಕರ್ಮದಲ್ಲಿ ಕೈಲಾಗದ ಅಂಗವೊಂದು ಬಿಟ್ಟುಹೋದರೂ ನಡೆಯುತ್ತದೆ, ಯಥಾಶಕ್ತಿ ಸಾಕು. ಪೂರ್ತಿ ಬಿಟ್ಟರೆ ಮಾತ್ರ ದೋಷ. ಮಳೆ, ಮಕ್ಕಳು ಎಂದು ಆಸೆಯಿಟ್ಟು ಮಾಡುವ ಕಾಮ್ಯಕರ್ಮದಲ್ಲಿ ಆ ರಿಯಾಯಿತಿ ಇಲ್ಲ: ಎಲ್ಲ ಅಂಗಗಳೂ ಇರಬೇಕು, ಒಂದು ಕಡಿಮೆಯಾದರೂ ಫಲವಿಲ್ಲ. ಹಾಗಾಗಿ ಪೂರ್ತಿ ಮಾಡಲಾಗದವರು ಅದಕ್ಕೆ ಕೈ ಹಾಕದಿರುವುದೇ ಮೇಲು. ವೇದಾಂತಿಗಳು ಈ ಅಪೂರ್ವವನ್ನು ಸಾಕೆಂದು ಒಪ್ಪಲಿಲ್ಲ. ಜಡವಾದದ್ದು ತಾನಾಗಿ ಫಲ ಹಂಚೀತೆ? ಹಂಚುವವನು ಈಶ್ವರ ಎನ್ನುತ್ತದೆ ವೇದಾಂತದ ಮೂಲಗ್ರಂಥ ಬ್ರಹ್ಮಸೂತ್ರ (3.2.38).

ಪ್ರಶ್ನೆ: ಜ್ಞಾನ ಬಂದರೆ ಎಲ್ಲ ಕರ್ಮವೂ ಸುಡುತ್ತದಂತೆ. ಹಾಗಾದರೆ ಜ್ಞಾನಿಗಳಿಗೇಕೆ ಕಾಯಿಲೆ? (ಧಾರವಾಡದ ಓದುಗರು)

ಉತ್ತರ: ಸುಡುವುದು ಸಂಚಿತ, ಅಂದರೆ ಹಿಂದಿನದರಲ್ಲಿ ಇನ್ನೂ ಫಲ ಕೊಡಲು ತೊಡಗದ ರಾಶಿ. ಮುಂದೆ ಮಾಡುವ ಆಗಾಮಿ ಅಂಟುವುದಿಲ್ಲ. ಈ ದೇಹವನ್ನು ತಂದ ಪ್ರಾರಬ್ಧ ಮಾತ್ರ ಉಂಡೇ ತೀರಬೇಕು (ಬ್ರಹ್ಮಸೂತ್ರ 4.1.13ರಿಂದ 19). ಇದು ಶಂಕರರ ವಿವರಣೆಯ ದಾರಿ.

ಪ್ರಶ್ನೆ: ಮಗುವಿನ ಕಾಯಿಲೆಗೆ ನೆಂಟರೆಲ್ಲ 'ಹೋದ ಜನ್ಮದ ಕರ್ಮ, ಔಷಧಿಯಿಂದ ಏನೂ ಆಗದು' ಎನ್ನುತ್ತಾರೆ. ಶಾಸ್ತ್ರವೂ ಹಾಗೇ ಹೇಳುತ್ತದೆಯೇ? (ಹಾಸನದ ಓದುಗರು)

ಉತ್ತರ: ಇಲ್ಲ. ನೆಂಟರ ಮಾತು ಬಿಡಿ, ಮಗುವನ್ನು ವೈದ್ಯರಿಗೆ ತೋರಿಸಿ. ಆಯುರ್ವೇದ ಗ್ರಂಥ ಚರಕಸಂಹಿತೆಯ ವಿಮಾನಸ್ಥಾನ ಎಂಬ ಭಾಗದ 3ನೆಯ ಅಧ್ಯಾಯ ಇದೇ ಪ್ರಶ್ನೆಯನ್ನು ಎತ್ತಿಕೊಳ್ಳುತ್ತದೆ. ಹಿಂದಿನ ದೇಹದಲ್ಲಿ ಮಾಡಿದ್ದು ದೈವ, ಈಗ ಮಾಡುವುದು ಪುರುಷಕಾರ. ಎರಡಕ್ಕೂ ಹೀನ, ಮಧ್ಯಮ, ಉತ್ತಮ ಎಂಬ ಬಲವಿದೆ. ದುರ್ಬಲ ದೈವವನ್ನು ಪುರುಷಕಾರ ತಳ್ಳಿಹಾಕುತ್ತದೆ. ಯಾವ ದೈವ ದುರ್ಬಲ ಎಂದು ಮೊದಲೇ ತಿಳಿಯುವ ಬಗೆಯಿಲ್ಲವಾದ್ದರಿಂದ ಚಿಕಿತ್ಸೆ ನಿಲ್ಲಿಸಲು ಕಾರಣವೇ ಇಲ್ಲ. ಆಯುಸ್ಸೆಲ್ಲ ಬರೆದಿಟ್ಟದ್ದಾದರೆ ಮದವೇರಿದ ಆನೆಗೆ ದಾರಿ ಬಿಡುವುದೇಕೆ ಎಂಬ ಧಾಟಿಯಲ್ಲಿ ಗ್ರಂಥ ವಾದಿಸುತ್ತದೆ. ಗಾಡಿಯ ಅಚ್ಚು ಸವೆದು ತನ್ನ ಕಾಲಕ್ಕೆ ಮುರಿಯುತ್ತದೆ. ಅತಿ ಭಾರ ಹೇರಿದರೆ, ದಾರಿ ಹದಗೆಟ್ಟಿದ್ದರೆ, ಎಣ್ಣೆ ಹಾಕದಿದ್ದರೆ ನಡುವೆಯೇ ಮುರಿಯುತ್ತದೆ. ಆಯುಸ್ಸೂ ಹೀಗೇ ಎನ್ನುತ್ತಾನೆ ಅಲ್ಲಿ ಉಪದೇಶಿಸುವ ಗುರು ಆತ್ರೇಯ. ಗೀತೆಯೂ (18.14) ಯಾವುದೇ ಕಾರ್ಯಕ್ಕೆ ಅಧಿಷ್ಠಾನ (ದೇಹ), ಕರ್ತೃ, ಕರಣ (ಇಂದ್ರಿಯಗಳು), ಚೇಷ್ಟೆ, ದೈವ ಎಂದು 5 ಕಾರಣ ಎಣಿಸಿ ದೈವವನ್ನು ಕೊನೆಗಿಡುತ್ತದೆ.

ಪ್ರಶ್ನೆ: ಜೈನರ ಕರ್ಮವೂ ಇದೇ ತಾನೆ? (ಮೂಡುಬಿದಿರೆಯ ಓದುಗರು)

ಉತ್ತರ: ಅಲ್ಲ. ಅವರಿಗೆ ಕರ್ಮ ಸೂಕ್ಷ್ಮ ಪುದ್ಗಲ, ದ್ರವ್ಯ. ಕ್ರೋಧ, ಲೋಭದಂಥ ಕಷಾಯದಿಂದ ಜೀವಕ್ಕೆ ಅಂಟುತ್ತದೆ, ಸಂವರದಿಂದ, ಅಂದರೆ ಸಂಯಮದ ತಡೆಯಿಂದ, ಒಳಹರಿವು ನಿಲ್ಲುತ್ತದೆ, ತಪಸ್ಸಿನಿಂದ ನಿರ್ಜರೆ, ಅಂದರೆ ಅಂಟಿದ್ದು ಉದುರುತ್ತದೆ. ಜ್ಞಾನವನ್ನು ಮುಚ್ಚುವ ಜ್ಞಾನಾವರಣೀಯದಿಂದ ಅಡ್ಡಿಯೊಡ್ಡುವ ಅಂತರಾಯದವರೆಗೆ ಮೂಲಭೇದ 8. ಫಲ ಹಂಚಲು ಈಶ್ವರ ಬೇಕಿಲ್ಲ.

ಪ್ರಶ್ನೆ: ಒಬ್ಬರು ಮಾಡಿದ್ದು ಇನ್ನೊಬ್ಬರಿಗೆ ತಟ್ಟುತ್ತದೆಯೇ? (ಮೈಸೂರಿನ ಓದುಗರು)

ಉತ್ತರ: 'ಮಾಡಿದ್ದುಣ್ಣೋ ಮಹಾರಾಯ' ಎಂಬುದೇ ಸಾಮಾನ್ಯ ನಿಯಮ. ಆದರೆ ಧರ್ಮಶಾಸ್ತ್ರ ಅಷ್ಟು ಬಿಗಿಯಾಗಿಲ್ಲ. ಮನುಸ್ಮೃತಿ 8.18ರ ಪ್ರಕಾರ ನ್ಯಾಯಸಭೆಯಲ್ಲಿ ಅಧರ್ಮ ನಡೆದರೆ ಮಾಡಿದವನಿಗೆ ಕಾಲು ಪಾಲು, ಸಾಕ್ಷಿಗೆ ಕಾಲು, ಸಭಾಸದರಿಗೆ ಕಾಲು, ರಾಜನಿಗೆ ಕಾಲು. ಪ್ರಜೆಗಳನ್ನು ಕಾಪಾಡುವ ರಾಜನಿಗೆ ಅವರ ಧರ್ಮದಲ್ಲಿ 1/6 ಸಿಗುತ್ತದೆ. ಕಾಪಾಡದಿದ್ದರೆ ಅಧರ್ಮದಲ್ಲಿ 1/6. ಕೌಷೀತಕಿ ಉಪನಿಷತ್ತು (1.4) ಇನ್ನೂ ಮುಂದೆ ಹೋಗುತ್ತದೆ: ಬ್ರಹ್ಮಲೋಕಕ್ಕೆ ಹೊರಟವನು ದಾರಿಯಲ್ಲಿ ಪುಣ್ಯಪಾಪ ಎರಡನ್ನೂ ಕೊಡವಿಬಿಡುತ್ತಾನೆ. ಪುಣ್ಯ ಪ್ರಿಯ ನೆಂಟರಿಗೆ ಹೋಗುತ್ತದೆ, ಪಾಪ ಅಪ್ರಿಯ ನೆಂಟರಿಗೆ.