ಎಫ್‌ಎಸ್‌ಎಲ್‌ನಲ್ಲಿ ಕಂಡ ಆಕ್ಟಿವೇಶನ್ ಎಸ್‌ಪಿಎಂನಲ್ಲಿ ಮಾಯ: ಡೇಟಾ ಒಂದೇ, ಉತ್ತರ ಎರಡೇಕೆ?

ನೀವು ಕೇಳಿದ್ದು ಇಷ್ಟು: ಅದೇ ಎಫ್‌ಎಂಆರ್‌ಐ (ಮೆದುಳಿನ ಚಟುವಟಿಕೆಯ ಸ್ಕ್ಯಾನ್) ಡೇಟಾ, ಅದೇ ಟಾಸ್ಕ್; ವಿಶ್ಲೇಷಣೆಗೆ ಎಫ್‌ಎಸ್‌ಎಲ್, ಎಸ್‌ಪಿಎಂ ಎಂಬ ಎರಡು ಸಾಫ್ಟ್‌ವೇರ್. ಎಫ್‌ಎಸ್‌ಎಲ್‌ನಲ್ಲಿ ಅಮಿಗ್ಡಲಾ (ಭಾವನೆಗಳಿಗೆ ಸಂಬಂಧಿಸಿದ, ಮೆದುಳಿನ ಆಳದ ಪುಟ್ಟ ಭಾಗ) ಹೊಳೆಯುತ್ತದೆ, ಎಸ್‌ಪಿಎಂನಲ್ಲಿ ಏನೂ ಇಲ್ಲ. ಎರಡರಲ್ಲೂ ಡೀಫಾಲ್ಟ್ ಸೆಟ್ಟಿಂಗ್. ಯಾವುದನ್ನು ನಂಬುವುದು?

ಸದ್ಯಕ್ಕೆ ಎರಡನ್ನೂ ಬೇಡ. ಮೊದಲು ಎಸ್‌ಪಿಎಂ ಫಸ್ಟ್ ಲೆವೆಲ್ (ಒಬ್ಬೊಬ್ಬ ವ್ಯಕ್ತಿಯ ವಿಶ್ಲೇಷಣೆ) ಫೋಲ್ಡರಿನಲ್ಲಿರುವ ಮಾಸ್ಕ್ ಫೈಲ್ (ಯಾವ ಜಾಗಗಳನ್ನು ಲೆಕ್ಕಕ್ಕೆ ತೆಗೆದುಕೊಂಡಿದೆ ಎಂದು ತೋರಿಸುವ ಚಿತ್ರ) ತೆರೆದು, ಒಬ್ಬೊಬ್ಬರದನ್ನೂ ಅವರವರ ಇಪಿಐ (ಎಫ್‌ಎಂಆರ್‌ಐನ ಮೂಲ ಸ್ಕ್ಯಾನ್) ಚಿತ್ರದ ಮೇಲಿಟ್ಟು ನೋಡಿ. ಅಮಿಗ್ಡಲಾ ಇರುವ ಜಾಗದಲ್ಲಿ ತೂತು ಕಂಡರೆ ನಾನು ಆಶ್ಚರ್ಯಪಡುವುದಿಲ್ಲ. ಸೈನಸ್ಸಿನ ಗಾಳಿಯಿಂದಾಗಿ ಅಲ್ಲಿ ಸಿಗ್ನಲ್ ಮೊದಲೇ ಬಡಕಲು. ಎಸ್‌ಪಿಎಂ ಗ್ಲೋಬಲ್ ಸರಾಸರಿಯ 0.8ಕ್ಕಿಂತ ಕೆಳಗಿನ ವೋಕ್ಸೆಲ್‌ಗಳನ್ನು (ಚಿತ್ರದ ಪುಟ್ಟ ಘನಗಳನ್ನು) ಕೇಳದೇ ಕತ್ತರಿಸುತ್ತದೆ. ಎಫ್‌ಎಸ್‌ಎಲ್‌ನ ವಿಶ್ಲೇಷಣಾ ಭಾಗವಾದ ಫೀಟ್‌ನಲ್ಲಿ ಆ ಮಿತಿ 10%, ತೀರಾ ಸಡಿಲ. ಗ್ರೂಪ್ ಲೆವೆಲ್‌ನಲ್ಲಿ ಒಬ್ಬರಲ್ಲಿ ಇಲ್ಲದ ವೋಕ್ಸೆಲ್ ಎಲ್ಲರಿಗೂ ಇಲ್ಲವಾಗುತ್ತದೆ. ಅಂದರೆ ಅಲ್ಲಿ 'ಆಕ್ಟಿವೇಶನ್ ಬಂದಿಲ್ಲ' ಅಂತಲ್ಲ, ಪರೀಕ್ಷೆಯೇ ಆಗಿಲ್ಲ. ಮಾಸ್ಕಿಂಗ್ ಥ್ರೆಶೋಲ್ಡನ್ನು ಮೈನಸ್ ಇನ್ಫಿನಿಟಿ ಮಾಡಿ, ಮೆದುಳಿನ ಮಾಸ್ಕ್ ಒಂದನ್ನು ಎಕ್ಸ್‌ಪ್ಲಿಸಿಟ್ ಮಾಸ್ಕ್ ಆಗಿ ಕೊಟ್ಟು ಮತ್ತೆ ಓಡಿಸಿ. ಇಪಿಐನಲ್ಲಿ ಆ ಜಾಗ ಪೂರ್ತಿ ಕಪ್ಪಾಗಿದ್ದರೆ ಮಾತ್ರ ಯಾವ ಸಾಫ್ಟ್‌ವೇರೂ ಕಾಪಾಡದು. ಆಗ ಎಫ್‌ಎಸ್‌ಎಲ್‌ನ ಹೊಳಪನ್ನೇ ಅನುಮಾನಿಸಿ.

ಮಾಸ್ಕ್ ಸರಿಯಿದ್ದರೆ ಉಳಿದ ಡೀಫಾಲ್ಟ್‌ಗಳಿಗೆ ಬನ್ನಿ. ಸ್ಮೂದಿಂಗ್ (ಚಿತ್ರವನ್ನು ಮಸುಕಾಗಿಸಿ ನಯ ಮಾಡುವುದು) ಎಸ್‌ಪಿಎಂನಲ್ಲಿ 8 ಮಿ.ಮೀ., ಫೀಟ್‌ನಲ್ಲಿ 5. ಬಾದಾಮಿಯಷ್ಟಿರುವ ರಚನೆಗೆ 3 ಮಿ.ಮೀ. ಸಣ್ಣ ವ್ಯತ್ಯಾಸವಲ್ಲ, ಪಕ್ಕದ ಹಿಪೊಕ್ಯಾಂಪಸ್ ಕೂಡ ಕಲಸಿಹೋಗುತ್ತದೆ. ನಿಧಾನ ಏರಿಳಿತಗಳನ್ನು ತೆಗೆಯುವ ಹೈಪಾಸ್ ಫಿಲ್ಟರ್ ಎಸ್‌ಪಿಎಂನಲ್ಲಿ 128 ಸೆಕೆಂಡ್, ಫೀಟ್‌ನಲ್ಲಿ 100. ನಿಮ್ಮ ಬ್ಲಾಕ್‌ಗಳು 50 ಸೆಕೆಂಡ್ ಆನ್, 50 ಆಫ್ ಆಗಿದ್ದರೆ ಫೀಟ್‌ನ ಫಿಲ್ಟರ್ ಟಾಸ್ಕನ್ನೇ ತಿನ್ನಲು ಶುರುಮಾಡುತ್ತದೆ. ಸ್ಲೈಸ್ ಟೈಮಿಂಗ್ (ಸ್ಲೈಸ್‌ಗಳ ಸ್ಕ್ಯಾನ್ ಸಮಯದ ವ್ಯತ್ಯಾಸ ಸರಿಪಡಿಸುವುದು) ಮಾಡಿದ್ದೀರಾ? ರೆಫರೆನ್ಸ್ ಮೊದಲ ಸ್ಲೈಸ್ ಆಗಿದ್ದು, ಎಸ್‌ಪಿಎಂನ ಮೈಕ್ರೋಟೈಮ್ ಆನ್‌ಸೆಟ್ (ಮಾಡೆಲನ್ನು ಸ್ಕ್ಯಾನಿನ ಯಾವ ಕ್ಷಣಕ್ಕೆ ಹೊಂದಿಸುವುದೆಂಬ ಸೆಟ್ಟಿಂಗ್) ಡೀಫಾಲ್ಟ್ 8ರಲ್ಲೇ ಉಳಿದಿದ್ದರೆ, 2 ಸೆಕೆಂಡ್ ಟಿಆರ್‌ನಲ್ಲಿ (ಒಂದು ಇಡೀ ಸ್ಕ್ಯಾನಿಗೆ ಹಿಡಿಯುವ ಸಮಯ) ಮಾಡೆಲ್ ಸುಮಾರು 1 ಸೆಕೆಂಡ್ ಆಚೀಚೆ. ಎರರ್ ಮೆಸೇಜ್ ಬರುವುದಿಲ್ಲ, ಟಿ ಮೌಲ್ಯ ಸುಮ್ಮನೆ ಇಳಿಯುತ್ತದೆ.

ಥ್ರೆಶೋಲ್ಡ್ ಕತೆಯೇ ಬೇರೆ. ಹಳೆಯ ಎಫ್‌ಎಸ್‌ಎಲ್ ಆದರೆ ಕ್ಲಸ್ಟರ್ (ಅಕ್ಕಪಕ್ಕದ ವೋಕ್ಸೆಲ್‌ಗಳ ಗುಂಪು) ಕಟ್ಟುವ ಜೆಡ್ 2.3, ಅಂದರೆ ಪಿ ಸುಮಾರು 0.01. ಅಷ್ಟು ಸಡಿಲವಾದ ಕಟ್ಟಿನಲ್ಲಿ ಕ್ಲಸ್ಟರ್ ಲೆಕ್ಕ ಎಷ್ಟು ಸುಳ್ಳು ಹೇಳಬಲ್ಲದೆಂದು ಎಕ್ಲುಂಡ್, ನಿಕೋಲ್ಸ್, ಕ್ನುಟ್ಸನ್ 2016ರಲ್ಲಿ ರೆಸ್ಟಿಂಗ್ ಡೇಟಾ (ಟಾಸ್ಕ್ ಇಲ್ಲದೆ ಸುಮ್ಮನಿದ್ದಾಗಿನ ಸ್ಕ್ಯಾನ್) ಬಳಸಿ ತೋರಿಸಿದರು: 5% ಇರಬೇಕಾದ ತಪ್ಪು ಪಾಸಿಟಿವ್ ಕೆಲವು ಸಂದರ್ಭಗಳಲ್ಲಿ 70%ವರೆಗೆ. ಜೆಡ್ ಅನ್ನು 3.1ಕ್ಕೆ ಏರಿಸಿ, ಆಗುವುದಾದರೆ ಪರ್ಮ್ಯುಟೇಶನ್ ಟೆಸ್ಟ್ (ಡೇಟಾವನ್ನೇ ಮತ್ತೆ ಮತ್ತೆ ಕಲಸಿ ಹೋಲಿಸುವ ಪರೀಕ್ಷೆ) ಬಳಸಿ.

ಹೋಲಿಸುವಾಗ ಬಣ್ಣದ ಮಚ್ಚೆಗಳನ್ನು ಹೋಲಿಸಬೇಡಿ. ಥ್ರೆಶೋಲ್ಡ್ ಹಾಕದ ಮ್ಯಾಪ್‌ಗಳನ್ನು ಒಂದೇ ಗ್ರಿಡ್‌ಗೆ ತಂದು, ಎಸ್‌ಪಿಎಂನ ಟಿಯನ್ನು ಜೆಡ್ ಮಾಡಿ, ಎರಡೂ ಮಾಸ್ಕ್ ಸೇರುವ ಕಡೆ ಕೊರಿಲೇಶನ್ ನೋಡಿ. 2020ರಲ್ಲಿ ನೇಚರ್‌ನಲ್ಲಿ ಬಂದ ನಾರ್ಪ್ಸ್ ಅಧ್ಯಯನದಲ್ಲಿ 108 ಜನರ ಒಂದೇ ಡೇಟಾವನ್ನು 70 ತಂಡಗಳಿಗೆ ಕೊಟ್ಟಿದ್ದರು. ಯಾವ ಎರಡು ತಂಡಗಳ ಪೈಪ್‌ಲೈನೂ (ವಿಶ್ಲೇಷಣೆಯ ಹಂತಗಳ ಸರಣಿ) ಒಂದೇ ಇರಲಿಲ್ಲ. 9 ಊಹೆಗಳಲ್ಲಿ 5ಕ್ಕೆ 'ಹೌದು' ಅಂದವರು 21ರಿಂದ 37%. ಆದರೂ ಬಹುಪಾಲು ತಂಡಗಳ ಥ್ರೆಶೋಲ್ಡ್ ಹಾಕದ ಮ್ಯಾಪ್‌ಗಳು ಚೆನ್ನಾಗಿಯೇ ಹೊಂದಿಕೊಂಡಿದ್ದವು. ಮ್ಯಾಪ್‌ಗಿಂತ ಅದರ ನಯ ಹೆಚ್ಚು ಮಾತಾಡಿತ್ತು: ಹೆಚ್ಚು ನಯವಾದಷ್ಟೂ 'ಹೌದು' ಹೆಚ್ಚು.

ಒಂದು ಎಚ್ಚರಿಕೆ: ಒಮ್ಮೆಗೆ ಒಂದೇ ಸೆಟ್ಟಿಂಗ್ ಬದಲಿಸಿ, ಮತ್ತು ಅಮಿಗ್ಡಲಾ ಹೊಳೆಯಿತೆಂದು ಅಲ್ಲಿಗೇ ನಿಲ್ಲಿಸಬೇಡಿ. ಓಡಿಸಿದ್ದನ್ನೆಲ್ಲ ಆವೃತ್ತಿ ಸಂಖ್ಯೆಯ ಸಮೇತ ಪೇಪರಿನ ಸಪ್ಲಿಮೆಂಟಿಗೆ ಹಾಕಿ, ಹೊಳೆಯದ್ದನ್ನೂ ಸೇರಿಸಿ.